7ನೇ ತರಗತಿ ಮಗನಿಗೆ ಭಿನ್ನರಾಶಿ, ಇಂಗ್ಲಿಷ್ ಗ್ರಾಮರ್ ಎರಡೂ ಕಷ್ಟ. ಯಾದಗಿರಿಯಲ್ಲಿ ಟ್ಯೂಷನ್‌ಗೆ ಹಾಕಬೇಕೇ?

ಮೊದಲು ಅವನ ನೋಟ್‌ಬುಕ್ ನೋಡಿ, ಟ್ಯೂಷನ್ ಮಾತು ಆಮೇಲೆ. 1/2 + 1/3 = 2/5 ಎಂದು ಬರೆದಿದ್ದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾನೆ. ಉತ್ತರ ಅರ್ಧಕ್ಕಿಂತಲೂ ಕಡಿಮೆ ಬಂತಲ್ಲ, ಹೇಗೆ ಎಂದು ಅವನನ್ನೇ ಕೇಳಿ. ಜೋಳದ ರೊಟ್ಟಿಯನ್ನು 6 ಸಮಪಾಲು ಮಾಡಿ ತೋರಿಸಿ: ಅರ್ಧ ಎಂದರೆ 3 ತುಂಡು, ಮೂರನೇ ಒಂದು ಭಾಗ ಎಂದರೆ 2, ಒಟ್ಟು 5/6. ಲ.ಸಾ.ಅ. (ಎರಡೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಇಲ್ಲಿ 6) ಯಾಕೆ ಬೇಕು ಎಂಬುದು ಆಗ ತಿಳಿಯುತ್ತದೆ. ಮಗ್ಗಿ ಬಾಯಿಗೆ ಬರದಿದ್ದರೆ ಮಾತ್ರ ಇದೂ ನಿಧಾನವೇ.

ಗ್ರಾಮರ್ ನಿಯಮ ಉರು ಹೊಡೆಸಬೇಡಿ. 'ಶೀ ವೆಂಟ್ ಟು ಸ್ಕೂಲ್' ಥರದ 5 ವಾಕ್ಯ ಕೊಟ್ಟು ದಿನವೂ ಅವುಗಳ ಪ್ರಶ್ನೆ ರೂಪ, 'ನಾಟ್' ಬರುವ ನಿಷೇಧ ರೂಪ ಎರಡೂ ಬರೆಸಿ. ಬಹಳ ಮಕ್ಕಳು 'ಡಿಡ್ ಶೀ ವೆಂಟ್' ಎನ್ನುತ್ತಾರೆ. 'ಡಿಡ್'ನಲ್ಲೇ ಭೂತಕಾಲ ಇರುವುದರಿಂದ ಮುಂದೆ 'ಗೋ' ಸಾಕು. ತಪ್ಪಿದ್ದನ್ನು 3 ದಿನ ಬಿಟ್ಟು ಮತ್ತೆ ಮಾಡಿಸಿ.