ಸೆಂಟ್‌ಓಎಸ್ 7ರಲ್ಲಿ ನೋಡ್ 18: ಜಿಲಿಬ್‌ಸಿ ಮುಟ್ಟಬೇಡಿ

ನಮಸ್ಕಾರ. ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನಲ್ಲಿ, ಜಾವಾಸ್ಕ್ರಿಪ್ಟ್ ಪ್ರೋಗ್ರಾಂ ನಡೆಸುವ ನೋಡ್ ಜೆಎಸ್ 18 ಓಡಿಸಿದರೆ 'ಜಿಲಿಬ್‌ಸಿ 2.28 ಸಿಗಲಿಲ್ಲ' ಅಂತ ಎರರ್ ಬರುತ್ತಿದೆ, ಹೊಸ ಜಿಲಿಬ್‌ಸಿ ಕಂಪೈಲ್ ಮಾಡಿ ಹಳೆಯದರ ಜಾಗಕ್ಕೆ ಹಾಕಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ.

ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಹೆಚ್ಚಿನ ಪ್ರೋಗ್ರಾಂಗಳು ಬಳಸುವ ಮೂಲ ಲೈಬ್ರರಿ. ನಿಮ್ಮಲ್ಲಿರುವುದು ಅದರ 2.17 ಆವೃತ್ತಿ. ಎಲ್‌ಎಸ್, ಸಿಪಿಯಂಥ ದಿನಬಳಕೆಯ ಕಮಾಂಡ್‌ಗಳು, ಬ್ಯಾಷ್ ಶೆಲ್ ಎಲ್ಲವೂ ಅದರ ಮೇಲೇ ನಿಂತಿವೆ. ನಾನೊಮ್ಮೆ ಜಿಲಿಬ್‌ಸಿ ಫೈಲ್‌ನತ್ತ ತೋರಿಸುವ ಸಿಮ್‌ಲಿಂಕ್ (ಕೊಂಡಿ) ಬದಲಾಯಿಸಿ ಕೈ ಸುಟ್ಟುಕೊಂಡಿದ್ದೇನೆ. ಮರುಕ್ಷಣ ಎಲ್‌ಎಸ್ ಕೂಡ ಓಡಲಿಲ್ಲ. ಪುಣ್ಯಕ್ಕೆ ದೂರದಿಂದ ಲಾಗಿನ್ ಆಗಿದ್ದ ಎಸ್‌ಎಸ್‌ಎಚ್ ಸೆಷನ್ ತೆರೆದೇ ಇತ್ತು. ಸಿಮ್‌ಲಿಂಕ್ ಹಾಕುವ ಎಸ್‌ಎಲ್‌ಎನ್ ಅನ್ನೋ ಪುಟ್ಟ ಕಮಾಂಡ್ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿರುತ್ತದೆ, ಅಂದರೆ ಬೇಕಾದ ಕೋಡ್ ಅದರೊಳಗೇ ಇರುತ್ತದೆ, ಅದಕ್ಕೆ ಹೊರಗಿನ ಜಿಲಿಬ್‌ಸಿ ಬೇಕಿಲ್ಲ. ಅದರಿಂದಲೇ ಹಳೇ ಲಿಂಕ್ ವಾಪಸ್ ಹಾಕಿ ಬಚಾವಾದೆ. ಸೆಷನ್ ಮುಚ್ಚಿದ್ದರೆ ರೆಸ್ಕ್ಯೂ ಡಿಸ್ಕೇ ಗತಿ.

ಸುಲಭದ ದಾರಿ ಒಂದಿದೆ. ನೋಡ್‌ನವರ 'ಅನಫಿಷಿಯಲ್ ಬಿಲ್ಡ್ಸ್' ತಾಣದಲ್ಲಿ, ಹೆಸರಲ್ಲೇ 'ಜಿಲಿಬ್‌ಸಿ-217' ಅಂತಿರುವ ಫೈಲ್ ಸಿಗುತ್ತದೆ. ನಿಮ್ಮಂಥವರಿಗೇ ಕಟ್ಟಿದ್ದು. ಹೋಮ್ ಫೋಲ್ಡರ್‌ನಲ್ಲಿ ಬಿಚ್ಚಿ, ಪಾತ್‌ಗೆ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಗೆ) ಸೇರಿಸಿದರೆ ಆಯಿತು, ರೂಟ್ (ಅಡ್ಮಿನ್) ಅಧಿಕಾರ ಕೂಡ ಬೇಡ. ಆದರೆ ಮೊದಲೇ ಕಂಪೈಲ್ ಆಗಿ ಬರುವ ಎನ್‌ಪಿಎಂ ಮಾಡ್ಯೂಲ್‌ಗಳು (ನೋಡ್‌ಗೆ ಸೇರಿಸಿಕೊಳ್ಳುವ ಪ್ಯಾಕೇಜ್‌ಗಳು) ಮತ್ತೆ ಅದೇ ಎರರ್ ಕೊಡಬಹುದು.

ಹಾಗಾದರೆ, ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಸಮೇತ ಪ್ರತ್ಯೇಕ ಕಂಟೇನರ್‌ನಲ್ಲಿ ಓಡಿಸುವ ಡಾಕರ್ ಇಲ್ಲವೇ ಪಾಡ್‌ಮ್ಯಾನ್ ಹಿಡಿಯಿರಿ. ಕಂಟೇನರ್‌ನ ಇಮೇಜ್ ತನ್ನದೇ ಜಿಲಿಬ್‌ಸಿ ಹೊತ್ತು ತರುತ್ತದೆ, ನಿಮ್ಮಿಂದ ಪಡೆಯುವುದು ಕರ್ನಲ್ (ಸಿಸ್ಟಂನ ತಿರುಳು) ಮಾತ್ರ. ಅದು 3.10, ಹಳೆಯದೇ, ಆದರೂ ನಡೆಯುತ್ತದೆ. ಡಾಕರ್ ತೀರಾ ಹಳೆಯದಾದರೆ ಅರ್ಥವಾಗದ ಪರ್ಮಿಷನ್ ಎರರ್ ಬರುತ್ತವೆ, ಮೊದಲು ಅದನ್ನು ಅಪ್‌ಡೇಟ್ ಮಾಡಿ.

ಅಂದಹಾಗೆ, ಸೆಂಟ್‌ಓಎಸ್ 7ಕ್ಕೆ 2024ರ ಜೂನ್ 30ಕ್ಕೇ ಅಪ್‌ಡೇಟ್ ನಿಂತಿದೆ. ಈ ಸರ್ವರ್ ಇಂಟರ್ನೆಟ್‌ಗೆ ತೆರೆದಿದೆಯಾ? ಹಾಗಿದ್ದರೆ ಸೆಂಟ್‌ಓಎಸ್ ಬದಲಿಗೆ ಬಳಸುವ ಲಿನಕ್ಸ್‌ಗಳಾದ ರಾಕಿ ಅಥವಾ ಅಲ್ಮಾ 8ಕ್ಕೆ ಹೋಗಿ, ಅಲ್ಲಿ ಜಿಲಿಬ್‌ಸಿ 2.28 ಇದ್ದೇ ಇದೆ.