5000 ಎಂಎಎಚ್ ಬ್ಯಾಟರಿಯಲ್ಲಿ ಎಷ್ಟು ಕೂಲಂಬ್ ಚಾರ್ಜ್ ಇರುತ್ತದೆ?

18,000 ಕೂಲಂಬ್. ಎಂಎಎಚ್, ಅಂದರೆ ಮಿಲಿಆಂಪಿಯರ್-ಅವರ್ ಸಂಖ್ಯೆಯನ್ನು 3.6ರಿಂದ ಗುಣಿಸಿದರೆ ಕೂಲಂಬ್ ಸಿಗುತ್ತದೆ, ಅಷ್ಟೇ.

ಈ 3.6 ಎಲ್ಲಿಂದ ಬಂತು? ಒಂದು ಆಂಪಿಯರ್ ಕರೆಂಟ್ ಎಂದರೆ ಸೆಕೆಂಡಿಗೆ ಒಂದು ಕೂಲಂಬ್ ಚಾರ್ಜ್ ಹರಿಯುತ್ತಿದೆ ಎಂದರ್ಥ. ಗಂಟೆಗೆ 3600 ಸೆಕೆಂಡ್. ಹಾಗಾಗಿ ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ 3600 ಕೂಲಂಬ್ ದಾಟಿರುತ್ತದೆ. ಮಿಲಿ ಅಂದರೆ ಸಾವಿರದಲ್ಲಿ ಒಂದು ಪಾಲು ಅಲ್ವಾ, ಅದಕ್ಕೇ 3.6. ಮನೆಯ ಇನ್ವರ್ಟರ್ ಬ್ಯಾಟರಿ ಮೇಲೆ 150 ಎಎಚ್ ಎಂದಿದ್ದರೆ ಅಲ್ಲಿ ಮಿಲಿ ಇಲ್ಲ, ಸೀದಾ 3600ರಿಂದ ಗುಣಿಸಿ: 5,40,000 ಕೂಲಂಬ್. ಕೂಲಂಬಿನಿಂದ ವಾಪಸ್ ಬರಬೇಕಾದರೆ ಭಾಗಿಸಿ.

ಒಂದು ವಿಷಯ ಮಾತ್ರ ನೆನಪಿರಲಿ. ಇದು ಚಾರ್ಜಿನ ಲೆಕ್ಕ, ಶಕ್ತಿಯದಲ್ಲ. ಶಕ್ತಿ ಬೇಕಾದರೆ ವೋಲ್ಟೇಜಿನಿಂದಲೂ ಗುಣಿಸಬೇಕು. ಪವರ್ ಬ್ಯಾಂಕ್ ಕೊಂಡವರು ಸುಮ್ನೆ ಬೈದುಕೊಳ್ಳುವುದು ಇಲ್ಲೇ. ಡಬ್ಬಿ ಮೇಲಿನ 10,000 ಎಂಎಎಚ್ ಸಾಮಾನ್ಯವಾಗಿ ಒಳಗಿನ 3.7 ವೋಲ್ಟ್ ಸೆಲ್‌ಗಳ ಲೆಕ್ಕ. ಹೊರಗೆ 5 ವೋಲ್ಟಿನಲ್ಲಿ ಕೊಡುವಾಗ ಒಂದಿಷ್ಟೂ ನಷ್ಟವಾಗದಿದ್ದರೂ 7,400 ಎಂಎಎಚ್‌ಗಿಂತ (10,000 × 3.7 ÷ 5) ಜಾಸ್ತಿ ಸಿಗುವುದಿಲ್ಲ.