ಕಾಲೇಜಿನಲ್ಲಿ ಉಚಿತವಾಗಿ ಸಿನಿಮಾ ತೋರಿಸಲೂ ಅನುಮತಿ ಬೇಕೇ?

ಶಿರಸಿಯ ನಿಮ್ಮ ಕಾಲೇಜಿನ ಸಭಾಭವನದಲ್ಲಿ ಕನ್ನಡ ಚಿತ್ರವೊಂದನ್ನು ಉಚಿತವಾಗಿ ತೋರಿಸಬೇಕು, ಊರವರನ್ನೂ ಕರೆಯಬೇಕು, ವಿದ್ಯಾರ್ಥಿಯೊಬ್ಬರ ಒಟಿಟಿ ಖಾತೆಯಿಂದ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು.

ಟಿಕೆಟ್ ಇಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಸಿಗುವುದಿಲ್ಲ. ನೋಡಲು ಕೂತವರು ಯಾರು ಎಂಬುದು ಮುಖ್ಯ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಸೆಕ್ಷನ್ 52(1)(ಜೆ) ಪ್ರಕಾರ, ಶಿಕ್ಷಣ ಸಂಸ್ಥೆಯ ಚಟುವಟಿಕೆಯಾಗಿ ಸಿನಿಮಾ ತೋರಿಸಿದರೆ ಅದು ಉಲ್ಲಂಘನೆಯಲ್ಲ. ಆದರೆ ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ಬಸ್ ಸ್ಟ್ಯಾಂಡಿನಲ್ಲಿ ಪೋಸ್ಟರ್ ಅಂಟಿಸಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದು ಊರವರನ್ನು ಒಳಗೆ ಬಿಟ್ಟರೆ ಈ ರಕ್ಷಣೆ ಹೋಯಿತು. ಆದ್ದರಿಂದ ಪ್ರಾಂಶುಪಾಲರ ಸಹಿಯ ಸುತ್ತೋಲೆ ಹೊರಡಿಸಿ, ಬಾಗಿಲಲ್ಲಿ ಗುರುತಿನ ಚೀಟಿ ನೋಡಿ ಒಳಗೆ ಬಿಡಿ.

ಒಟಿಟಿ ವಿಷಯ ಬೇರೆ. ಕಾಯ್ದೆ ವಿನಾಯಿತಿ ಕೊಟ್ಟರೂ ಚಂದಾ ಪಡೆಯುವಾಗ ಒಪ್ಪಿಕೊಂಡ ಷರತ್ತು ಹಾಗೇ ಉಳಿಯುತ್ತದೆ. ಆ ಖಾತೆಗಳು ಸಾಮಾನ್ಯವಾಗಿ ಸ್ವಂತ ವೀಕ್ಷಣೆಗೆ ಮಾತ್ರ. ನೆಟ್‌ಫ್ಲಿಕ್ಸ್ ತನ್ನ ಕೆಲವು ಸಾಕ್ಷ್ಯಚಿತ್ರಗಳನ್ನು ಶಿಕ್ಷಣಕ್ಕಾಗಿ ಒಮ್ಮೆ ತೋರಿಸಲು ಬಿಡುತ್ತದೆ, ಎಲ್ಲವನ್ನೂ ಅಲ್ಲ. ಇನ್ನೊಂದು ತೊಂದರೆ: ಹಳೆಯ ಪ್ರೊಜೆಕ್ಟರಿಗೆ ವಿಜಿಎ ಪರಿವರ್ತಕ ಸಿಕ್ಕಿಸಿದರೆ ಎಚ್‌ಡಿಸಿಪಿ ಎಂಬ ನಕಲು ತಡೆಯುವ ರಕ್ಷಣೆ ಅಡ್ಡಬಂದು ಧ್ವನಿ ಕೇಳಿಸಿದರೂ ಪರದೆ ಕಪ್ಪಾಗಿಯೇ ಇರಬಹುದು. ಹಾಗೆಂದು ಟೆಲಿಗ್ರಾಂನಿಂದ ಇಳಿಸಿಕೊಂಡ ಪ್ರತಿ ಖಂಡಿತ ಬೇಡ. ವಿನಾಯಿತಿ ಇರುವುದು ತೋರಿಸುವುದಕ್ಕೆ, ಕಳ್ಳ ಪ್ರತಿ ಮಾಡಿಕೊಳ್ಳುವುದಕ್ಕಲ್ಲ.

ಊರವರು ಬರಲೇಬೇಕೆಂದರೆ ಅನುಮತಿ ಕೇಳಿ. ಬಹಳ ಜನ ನಿರ್ದೇಶಕರಿಗೆ ಫೋನ್ ಮಾಡುತ್ತಾರೆ, ಅವರು ಪ್ರೀತಿಯಿಂದ ‘ಹಾಕ್ಕೊಳ್ಳಿ’ ಅನ್ನುತ್ತಾರೆ. ಆದರೆ ಮೊದಲ ಹಕ್ಕು ನಿರ್ಮಾಪಕರದು, ಅವರೂ ಅದನ್ನು ಮಾರಿರಬಹುದು. ಚಿತ್ರದ ಆರಂಭದಲ್ಲಿ ಬರುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ನಿರ್ಮಾಪಕರ ಹೆಸರಿರುತ್ತದೆ, ಹುಡುಕಾಟ ಅಲ್ಲಿಂದ ಶುರುಮಾಡಿ. ‘ಚಿತ್ರಮಂದಿರದ ಹೊರಗಿನ ಪ್ರದರ್ಶನದ ಹಕ್ಕು ಈಗ ಯಾರ ಬಳಿ ಇದೆ?’ ಎಂದೇ ಕೇಳಿ. ಪತ್ರದಲ್ಲಿ ದಿನಾಂಕ, ಸ್ಥಳ, ಆಸನಗಳ ಸಂಖ್ಯೆ, ಪ್ರವೇಶ ಉಚಿತವೇ, ಒಂದೇ ಪ್ರದರ್ಶನವೇ, ಪ್ರತಿಯನ್ನು ಯಾರು ಕೊಡುತ್ತಾರೆ ಎಂಬುದೆಲ್ಲ ಇರಲಿ. ಜುಲೈ ಮಳೆಯಲ್ಲಿ ಇಟ್ಟುಕೊಳ್ಳುವುದಾದರೆ ಕರೆಂಟ್ ಕೈಕೊಡುವ ಸಂಭವವಿದೆ, ಬದಲಿ ದಿನಾಂಕವನ್ನೂ ಸೇರಿಸಿ. ಉತ್ತರ ಬರಹದಲ್ಲೇ ಬರಬೇಕು.

ಹಳೆಯ ಚಿತ್ರಗಳಿಗೆ ದಾರಿ ಸುಲಭ. ಸಿನಿಮಾದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1962ರ ಚಿತ್ರದ್ದು 2022ರ ಕೊನೆಗೆ ಮುಗಿದಿದೆ. ಆದರೆ ಅದರ ಹಾಡು, ಸಂಗೀತ, ಮೂಲ ಕಾದಂಬರಿಯ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತದೆ. ಹಾಗಾಗಿ ಊರವರಿಗೆ ತೋರಿಸುವ ಮೊದಲು ಅದನ್ನೂ ವಿಚಾರಿಸಿ.

ಒಂದೇ ಆವರಣದಲ್ಲಿ ಪಿಯು ತರಗತಿಗಳೂ ಇದ್ದರೆ ‘ಎ’ ಪ್ರಮಾಣಪತ್ರದ ಚಿತ್ರ ಆರಿಸಬೇಡಿ. ಅದು 18 ತುಂಬಿದವರಿಗೆ ಮಾತ್ರ.